ಆಪ್ಟಿಪ್ಲೆಕ್ಸ್ ಎಸ್‌ಎಫ್‌ಎಫ್ ಡಬ್ಬಿಗೆ ಗೇಮಿಂಗ್ ಕಾರ್ಡ್: 180 ವಾಟ್‌ನಲ್ಲಿ ಯಾವುದು ಕೂರುತ್ತೆ?

ದಾವಣಗೆರೆ_ಗೇಮರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗೋ ರಿಫರ್ಬಿಶ್ಡ್ ಆಫೀಸ್ ಮಷಿನ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಡೆಲ್ ಆಪ್ಟಿಪ್ಲೆಕ್ಸ್ 7050 ಎಸ್‌ಎಫ್‌ಎಫ್. ಟವರ್ ಅಲ್ಲ, ತೆಳ್ಳಗಿನ ಡಬ್ಬಿ. ಪ್ರೊಸೆಸರ್ ಐ5-7500, ರ‍್ಯಾಮ್ 8 ಜಿಬಿ ಡಿಡಿಆರ್4 (ಒಂದೇ ಸ್ಟಿಕ್), 256 ಜಿಬಿ ಎಸ್‌ಎಸ್‌ಡಿ, ಪವರ್ ಸಪ್ಲೈ ಮೇಲೆ 180 ವಾಟ್ ಅಂತ ಬರೆದಿದೆ. ಮಾನಿಟರ್ 1080ಪಿ, ಎಚ್‌ಡಿಎಂಐ ಮತ್ತು ವಿಜಿಎ ಮಾತ್ರ ಇದೆ.

ಮುಚ್ಚಳ ತೆಗೆದರೆ ಎರಡು ಸ್ಲಾಟ್ ಕಾಣುತ್ತೆ. ಉದ್ದದ್ದು ಪವರ್ ಸಪ್ಲೈ ಪಕ್ಕಕ್ಕೇ ಇದೆ. ಇನ್ನೊಂದು ಗಿಡ್ಡ, ಅದರ ಹಿಂಬದಿ ಮುಚ್ಚಿಲ್ಲ, ತೆರೆದ ಹಾಗಿದೆ.

ಆಡೋದು ಜಿಟಿಎ 5, ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2. ಒಂದು ಅಂಗಡಿಯಲ್ಲಿ ಜಿಟಿಎಕ್ಸ್ 1650 ಹಾಕಿ ಅಂದ್ರು. ಇನ್ನೊಂದರಲ್ಲಿ ಆರ್‌ಟಿಎಕ್ಸ್ 3050 ತಗೊಳ್ಳಿ, ಕರೆಂಟ್ ಸಾಲದಿದ್ದರೆ ಸಾಟಾದಿಂದ 6 ಪಿನ್ ಮಾಡೋ ಕನ್ವರ್ಟರ್ ಕೊಡ್ತೀವಿ ಅಂದ್ರು. ಯಾವುದನ್ನ ನಂಬಬೇಕು? ಪವರ್ ಸಪ್ಲೈ ಬದಲಿಸದೆ ಆಗುತ್ತಾ?

---

ತಾಮ್ರದ_ತಂತಿ

ಮೊದಲು ಆ ಕನ್ವರ್ಟರ್ ವಿಷಯ. ದಯವಿಟ್ಟು ಹಾಕಬೇಡಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಇರೋದು ಮೂರು ಪಿನ್, ಒಂದೊಂದಕ್ಕೆ 1.5 ಆಂಪ್. ಒಟ್ಟು 4.5 ಆಂಪ್, ಅಂದ್ರೆ 54 ವಾಟ್. ಕಾರ್ಡಿನ 6 ಪಿನ್ 75 ವಾಟ್ ತನಕ ಎಳೆಯಬಹುದು. ತೆಳು ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗೋದು ಅಲ್ಲೇ. ನಿಮ್ಮ ಮಷಿನ್‌ನಲ್ಲಿ ಇದು ಇನ್ನೂ ಅಪಾಯ, ಯಾಕಂದ್ರೆ ಹಾರ್ಡ್‌ಡಿಸ್ಕ್‌ಗೆ ಹೋಗೋ ಪವರ್ ವೈರ್ ಪವರ್ ಸಪ್ಲೈನಿಂದ ಬರಲ್ಲ, ಮದರ್‌ಬೋರ್ಡಿನಿಂದ ಬರುತ್ತೆ. ವೈರ್ ಹಿಡಿದು ಅದರ ಬುಡ ಎಲ್ಲಿದೆ ನೋಡಿ, ಗೊತ್ತಾಗುತ್ತೆ. ಕಾರ್ಡ್ ಎಳೆಯೋ ಕರೆಂಟ್ ಎಲ್ಲಾ ಬೋರ್ಡಿನ ಒಂದು ಸಣ್ಣ ಹೆಡರ್ ಮೂಲಕವೇ ಹಾಯಬೇಕಾಗುತ್ತೆ.

ಆದ್ದರಿಂದ ಮೇಲೆ ಯಾವ ಪಿನ್ನೂ ಇಲ್ಲದ, ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳೋ ಕಾರ್ಡ್ ಮಾತ್ರ ನೋಡಿ. ಎಕ್ಸ್16 ಸ್ಲಾಟ್‌ಗೆ (ಆ ಉದ್ದದ್ದಕ್ಕೆ) ಪಿಸಿಐ ಎಕ್ಸ್‌ಪ್ರೆಸ್ ನಿಯಮದ ಪ್ರಕಾರ ಗರಿಷ್ಠ 75 ವಾಟ್. ಕೆಲವು ಕಂಪನಿಗಳು ಸಣ್ಣ ಮಷಿನ್‌ಗಳಲ್ಲಿ ಅದಕ್ಕಿಂತ ಕಡಿಮೆಗೆ ಮಿತಿ ಹಾಕಿರ್ತಾರೆ, ಮಷಿನ್ ಮ್ಯಾನುಯಲ್‌ನಲ್ಲಿ ಸ್ಲಾಟ್ ವಿವರ ಒಮ್ಮೆ ಓದಿಕೊಳ್ಳಿ.

ಲೆಕ್ಕ ಹೀಗೆ. ಐ5-7500ಕ್ಕೆ 65 ವಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್, ಯುಎಸ್‌ಬಿ ಸೇರಿ ಸುಮಾರು 25 ಇಟ್ಟುಕೊಳ್ಳಿ. 75 ವಾಟ್ ಕಾರ್ಡ್ ಹಾಕಿದರೆ 165. 180ರ ಸಪ್ಲೈಗೆ ಉಳಿಯೋದು ಬರೀ 15. ಕಾಗದದ ಮೇಲೆ ಸರಿ ಕಂಡರೂ, ಕಾರ್ಡ್‌ಗಳು ಕ್ಷಣಮಾತ್ರ ಹೇಳಿದ್ದಕ್ಕಿಂತ ಜಾಸ್ತಿ ಎಳೀತಾವೆ. ಆಗ ಮಷಿನ್ ಎಚ್ಚರಿಕೆಯನ್ನೂ ಕೊಡದೆ ಆಟದ ಮಧ್ಯೆ ಟಪ್ ಅಂತ ಆಫ್ ಆಗುತ್ತೆ. 50 ವಾಟ್ ಕಾರ್ಡ್ ಆದ್ರೆ ಒಟ್ಟು 140, ವರ್ಷಗಟ್ಟಲೆ ಆಫೀಸಿನಲ್ಲಿ ದುಡಿದ ಸಪ್ಲೈಗೂ ಉಸಿರಾಡೋಕೆ ಜಾಗ ಇರುತ್ತೆ.

ಸಪ್ಲೈ ಬದಲಿಸೋ ಯೋಚನೆ ಬಿಡಿ. ಅದರ ಆಕಾರವೂ ಕನೆಕ್ಟರ್‌ಗಳೂ ಕಂಪನಿಯದ್ದೇ. ಅಂಗಡಿಯಲ್ಲಿ ಸಿಗೋ 450 ವಾಟ್ ಎಟಿಎಕ್ಸ್ ಸಪ್ಲೈ ಆ ಡಬ್ಬಿಯೊಳಗೆ ಹೋಗೋದೇ ಇಲ್ಲ.

---

ಪಿಕ್ಸೆಲ್_ಲೆಕ್ಕ

ಮೇಲಿನವರು ವಾಟ್ ಹೇಳಿದ್ರು, ನಾನು ದಪ್ಪದ ಬಗ್ಗೆ ಹೇಳ್ತೀನಿ. ಎಸ್‌ಎಫ್‌ಎಫ್‌ನಲ್ಲಿ ಜನ ಎಡವೋದು ಇಲ್ಲೇ ಜಾಸ್ತಿ.

ಉದ್ದ ಸ್ಲಾಟ್ ಪವರ್ ಸಪ್ಲೈ ಪಕ್ಕ ಇದೆ ಅಂದ್ರಲ್ಲ, ಕಾರ್ಡಿನ ಕೂಲರ್ ಮುಖ ಮಾಡೋದು ಅದೇ ಕಡೆಗೆ. ಎರಡು ಸ್ಲಾಟ್ ದಪ್ಪದ ಕಾರ್ಡ್ ಆದ್ರೆ ಅದರ ಫ್ಯಾನ್ ಸಪ್ಲೈ ಡಬ್ಬಿಗೆ ತಾಗುತ್ತೆ, ಕಾರ್ಡ್ ಕೂರೋದೇ ಇಲ್ಲ. ಜಿಟಿಎಕ್ಸ್ 1650ರ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರೋ) ಮಾದರಿಗಳು ಸಾಮಾನ್ಯವಾಗಿ ಎರಡು ಸ್ಲಾಟ್ ದಪ್ಪ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗೋ ಆರ್‌ಟಿಎಕ್ಸ್ 3050 6 ಜಿಬಿ ಲೋ ಪ್ರೊಫೈಲ್‌ಗಳೂ ಹಾಗೇ. ಹಾಗಾಗಿ ಅಂಗಡಿಯವರು ಹೇಳಿದ ಎರಡೂ ನಿಮ್ಮ ಡಬ್ಬಿಗೆ ಹೊಂದಲ್ಲ.

ಗಿಡ್ಡ ಸ್ಲಾಟ್‌ನ ಹಿಂಬದಿ ತೆರೆದಿದೆಯಲ್ಲ, ಉದ್ದ ಕಾರ್ಡನ್ನ ಅಲ್ಲಿ ಕೂರಿಸಿ ಅಂತ ಯಾರಾದ್ರೂ ಹೇಳಬಹುದು. ದೈಹಿಕವಾಗಿ ಕೂರುತ್ತೆ, ನಿಜ. ಆದರೆ ಅಲ್ಲಿ ನಾಲ್ಕೇ ಲೇನ್ (ಡೇಟಾ ಓಡಾಡೋ ದಾರಿ). ಪಿಸಿಐ 3.0ರಲ್ಲಿ 16 ಲೇನ್‌ಗೆ ಸೆಕೆಂಡಿಗೆ ಸುಮಾರು 15.75 ಜಿಬಿ ಸಾಗಿದರೆ 4 ಲೇನ್‌ಗೆ 3.94 ಜಿಬಿ. ಅದಕ್ಕಿಂತ ಮುಖ್ಯವಾಗಿ ಎಕ್ಸ್4 ಕಾರ್ಡಿಗೆ ನಿಯಮದಲ್ಲಿ ಇರೋದು 25 ವಾಟ್ ಮಾತ್ರ. 75 ವಾಟ್ ಕಾರ್ಡ್ ಅಲ್ಲಿಟ್ಟು ದಿನಾ ಆಡೋದು ಬೋರ್ಡಿನ ಆಯಸ್ಸನ್ನ ಪಣಕ್ಕಿಟ್ಟ ಹಾಗೆ.

3050 ಹೆಸರಿನಲ್ಲಿ ಇನ್ನೊಂದು ಗೊಂದಲ ಇದೆ. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿ ಮಾದರಿ 70 ವಾಟ್, ಪಿನ್ ಬೇಡ. ಅದಕ್ಕೂ ಮೊದಲು ಬಂದ 8 ಜಿಬಿ ಮಾದರಿ 130 ವಾಟ್, ಅದಕ್ಕೆ ಪಿನ್ ಬೇಕೇ ಬೇಕು. ಅಂಗಡಿಯವರು ಕನ್ವರ್ಟರ್ ಮಾತಾಡಿದ್ದಾರೆ ಅಂದ್ರೆ 8 ಜಿಬಿಯದ್ದನ್ನೇ ತೋರಿಸಿರಬೇಕು.

ನಿಮಗೆ ಬೇಕಾದದ್ದು ಒಂದೇ ಸ್ಲಾಟ್ ದಪ್ಪ, ಲೋ ಪ್ರೊಫೈಲ್, 50 ವಾಟ್ ಆಸುಪಾಸು. ಆ ಜರಡಿಯಲ್ಲಿ ಉಳಿಯೋದು ಕೆಲವೇ ಕಾರ್ಡ್.

ಎನ್‌ವಿಡಿಯಾ ಟಿ1000. ಇದನ್ನ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ, ವಿನ್ಯಾಸ ಮಾಡೋ) ಕೆಲಸಕ್ಕೆ ಅಂತ ಮಾರ್ತಾರೆ, ಆದರೆ ಒಳಗಿನ ಚಿಪ್ ಜಿಟಿಎಕ್ಸ್ 1650ರದ್ದೇ: ಟಿಯು117, ಅದೇ 896 ಕೋರ್. ಮೆಮೊರಿ ಜಿಡಿಡಿಆರ್6, 128 ಬಿಟ್. 4 ಜಿಬಿ, 8 ಜಿಬಿ ಎರಡೂ ಸಿಗುತ್ತೆ. 50 ವಾಟ್‌ಗೆ ಕಟ್ಟಿಹಾಕಿರೋದ್ರಿಂದ ಕ್ಲಾಕ್ 1650ಕ್ಕಿಂತ ಸ್ವಲ್ಪ ಕೆಳಗೆ ಓಡುತ್ತೆ, ಅಷ್ಟೇ ವ್ಯತ್ಯಾಸ. ನನ್ನ ಆಯ್ಕೆ ಇದೇ.

ಟಿ600 ಇದರ ತಮ್ಮ, 640 ಕೋರ್, 40 ವಾಟ್. ಬೆಲೆ ತೀರಾ ಕಡಿಮೆ ಇದ್ದರೆ ಮಾತ್ರ. ಟಿ400 ಗೇಮಿಂಗ್‌ಗೆ ಬೇಡ.

ಆರ್‌ಟಿಎಕ್ಸ್ ಎ1000 ಇದೆಲ್ಲಕ್ಕಿಂತ ಜೋರು: 2304 ಕೋರ್, 8 ಜಿಬಿ, ಅದೂ 50 ವಾಟ್‌ನಲ್ಲಿ ಒಂದೇ ಸ್ಲಾಟ್. ಕಡಿಮೆ ರೆಸಲ್ಯೂಶನ್ ಚಿತ್ರವನ್ನ ಎಐನಿಂದ ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸೋ ಡಿಎಲ್‌ಎಸ್‌ಎಸ್ ಕೂಡ ಇದೆ, ಟಿ1000ದಲ್ಲಿ ಇಲ್ಲ. ಬೆಲೆಯೂ ಅಷ್ಟೇ ಮೇಲೆ. ಐ5-7500 ಜೊತೆ ಅಷ್ಟು ಸುರಿಯೋದು ನನ್ನ ಪ್ರಕಾರ ವ್ಯರ್ಥ.

ಜಿಟಿ 1030 ಕಣ್ಣಿಗೆ ಬೀಳುತ್ತೆ, ಆದರೆ ಡಬ್ಬದ ಮೇಲೆ ಡಿಡಿಆರ್4 ಅಂತ ಇದ್ರೆ ಮುಟ್ಟಬೇಡಿ. ಜಿಡಿಡಿಆರ್5 ಮಾದರಿಯ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4ರದ್ದು 17 ಕೂಡ ಇಲ್ಲ. ಹೆಸರು ಒಂದೇ, ಒಳಗೆ ಅಜಗಜಾಂತರ.

ಇಂಟೆಲ್ ಆರ್ಕ್ ಎ310ಕ್ಕೂ ಒಂದು ಸ್ಲಾಟ್ ಮಾದರಿ ಇದೆ. ಆದರೆ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನ ಪ್ರೊಸೆಸರ್ ಒಟ್ಟಿಗೆ ತಲುಪೋ ಸೌಲಭ್ಯ) ಇಲ್ಲದಿದ್ದರೆ ವೇಗ ಬಹಳ ಬಿದ್ದುಹೋಗುತ್ತೆ. 7ನೇ ತಲೆಮಾರಿನ ಆಫೀಸ್ ಬೋರ್ಡ್‌ನಲ್ಲಿ ಅದನ್ನ ನೆಚ್ಚಿಕೊಳ್ಳಬೇಡಿ.

---

ಹಳೇಬೋರ್ಡು

ಆರ್‌ಎಕ್ಸ್ 6400 ಹೆಸರೇ ಬರಲಿಲ್ಲವಲ್ಲ. 53 ವಾಟ್, ಒಂದು ಸ್ಲಾಟ್‌ನ ಲೋ ಪ್ರೊಫೈಲ್ ಮಾದರಿಗಳಿವೆ, ಎಚ್‌ಡಿಎಂಐ ನೇರವಾಗಿ ಇದೆ, 2022ರದ್ದು. ಹೊಸ ಕಾರ್ಡೇ ವಾರಂಟಿ ಸಮೇತ ಬೇಕು ಅನ್ನೋರು ಇದನ್ನೂ ನೋಡಬೇಕು.

ಆದರೆ ಅದರ ದೌರ್ಬಲ್ಯ ಗೊತ್ತಿರಲಿ. ಕಾರ್ಡ್ ಉದ್ದ ಸ್ಲಾಟ್‌ನಲ್ಲೇ ಕೂತರೂ ಅದರಲ್ಲಿ ಇರೋದು ನಾಲ್ಕು ಲೇನ್ ಮಾತ್ರ. ಪಿಸಿಐ 4.0 ಬೋರ್ಡ್‌ನಲ್ಲಿ ಅದು ನಡೀತದೆ. ನಿಮ್ಮದು 3.0, ಹಾಗಾಗಿ ದಾರಿಯ ಅಗಲ ಅರ್ಧಕ್ಕೆ ಇಳಿಯುತ್ತೆ. ಆಟ 4 ಜಿಬಿ ಒಳಗೇ ಇರೋ ತನಕ ತೊಂದರೆ ಕಾಣಲ್ಲ. ಟೆಕ್ಸ್ಚರ್ ಜಾಸ್ತಿ ಮಾಡಿ ಮೆಮೊರಿ ತುಂಬಿದ ಕೂಡಲೆ ಕಾರ್ಡ್ ರ‍್ಯಾಮ್ ಕಡೆ ಓಡಾಡೋಕೆ ಶುರು ಮಾಡುತ್ತೆ, ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡು ಆಟ ಗಕ್ಕ್ ಗಕ್ಕ್ ಅಂತ ನಿಲ್ಲುತ್ತೆ. ಇನ್ನೊಂದು, ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ. ಆಟ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋ ಆಸೆ ಇದ್ದರೆ ಎಲ್ಲಾ ಭಾರ ನಾಲ್ಕು ಕೋರಿನ ಪ್ರೊಸೆಸರ್ ಮೇಲೆ ಬೀಳುತ್ತೆ. ಈ ಮಷಿನ್‌ಗೆ ಟಿ1000 ಅನ್ನೋದನ್ನ ನಾನೂ ಒಪ್ತೀನಿ.

ಆದ್ರೆ ಕಾರ್ಡಿಗಿಂತ ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿ. ಇದು ಕಡ್ಡಾಯ ಅಂತಲೇ ತಿಳ್ಕೊಳ್ಳಿ. ಒಂದೇ ಸ್ಟಿಕ್ ಇದ್ದಾಗ ಮೆಮೊರಿ ಸಿಂಗಲ್ ಚಾನೆಲ್‌ನಲ್ಲಿ ಓಡುತ್ತೆ, ವೇಗ ಅರ್ಧ. ಜಿಟಿಎ 5ರಲ್ಲಿ ಗಾಡಿ ಓಡಿಸುವಾಗ ರಸ್ತೆ ತಡವಾಗಿ ಮೂಡೋದು, ಫ್ರೇಮ್ ಮಧ್ಯೆ ಮಧ್ಯೆ ಎಡವೋದು ಇದರಿಂದಲೂ ಆಗುತ್ತೆ. ಕೊಳ್ಳುವಾಗ ಡಿಡಿಆರ್4 2400, ಉದ್ದ ಸ್ಟಿಕ್, ಅಂದ್ರೆ ಯುಡಿಐಎಂಎಂ. ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್ ಇದಕ್ಕೆ ಆಗಲ್ಲ. ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ಇಸಿಸಿ ಸ್ಟಿಕ್‌ಗಳು ನೋಡೋಕೆ ಇದೇ ಥರ ಇದ್ದು ಅಗ್ಗಕ್ಕೆ ಸಿಗ್ತಾವೆ, ಅವೂ ನಡೆಯಲ್ಲ.

ಕೌಂಟರ್ ಸ್ಟ್ರೈಕ್ 2 ಬಗ್ಗೆ ಒಂದು ಮಾತು. ಅದು ಪ್ರೊಸೆಸರ್ ತಿನ್ನೋ ಆಟ. ಐ5-7500ದಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಯಾವ ಕಾರ್ಡ್ ಹಾಕಿದರೂ ಹೊಗೆ ಗ್ರೆನೇಡ್ ಬಿದ್ದಾಗ ಫ್ರೇಮ್ ಇಳಿಯುತ್ತೆ. ಆಡುವಾಗ ಕ್ರೋಮ್ ಪೂರ್ತಿ ಮುಚ್ಚಿಡಿ.

---

ದಾವಣಗೆರೆ_ಗೇಮರ್

ಎಲ್ಲರಿಗೂ ತುಂಬಾ ಧನ್ಯವಾದ. ಸ್ಕೇಲ್ ಇಟ್ಟು ಅಳೆದೆ, ಎರಡು ಸ್ಲಾಟ್ ಕಾರ್ಡ್‌ಗೆ ಖಂಡಿತ ಜಾಗ ಇಲ್ಲ. ರ‍್ಯಾಮ್ ತರಿಸ್ತಿದ್ದೀನಿ. ಟಿ1000 4 ಜಿಬಿ ಸೆಕೆಂಡ್ ಹ್ಯಾಂಡ್ ಒಂದು ನೋಡಿದ್ದೀನಿ. ತಗೊಳ್ಳುವಾಗ ಏನೇನು ನೋಡಬೇಕು? ಅದರಲ್ಲಿ ಎಚ್‌ಡಿಎಂಐ ಇಲ್ಲವಂತೆ, ನಾಲ್ಕು ಸಣ್ಣ ಪೋರ್ಟ್ ಇದೆ. ಹಾಕೋ ಕ್ರಮವನ್ನೂ ಹೇಳಿದರೆ ಉಪಕಾರ.

---

ಪಿಕ್ಸೆಲ್_ಲೆಕ್ಕ

ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಗಿಡ್ಡ ಬ್ರಾಕೆಟ್ ಇದೆಯಾ ಅಂತ. ಕಾರ್ಡಿನ ತುದಿಯಲ್ಲಿ ಪೋರ್ಟ್‌ಗಳನ್ನ ಹಿಡಿದಿರೋ ಲೋಹದ ಪಟ್ಟಿ ಇದೆಯಲ್ಲ, ಅದು. ಟವರ್‌ಗೆ ಹಾಕೋ ಉದ್ದ ಪಟ್ಟಿ 12 ಸೆಂಟಿಮೀಟರ್, ನಿಮಗೆ ಬೇಕಾದದ್ದು 8 ಸೆಂಟಿಮೀಟರ್ ಹತ್ತಿರ. ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳಲ್ಲಿ ಎಷ್ಟೋ ಸಲ ಗಿಡ್ಡ ಪಟ್ಟಿ ಕಳೆದುಹೋಗಿರುತ್ತೆ. ಪಟ್ಟಿ ಇಲ್ಲದೆ ಹಾಗೇ ಸಿಕ್ಕಿಸಿದರೆ ಕೇಬಲ್ ಎಳೆದಾಗೆಲ್ಲ ಕಾರ್ಡ್ ಅಲ್ಲಾಡಿ ಸ್ಲಾಟ್ ಹಾಳಾಗುತ್ತೆ. ಕಾರ್ಡಿನ ಉದ್ದ 156 ಮಿಲಿಮೀಟರ್, ಅಷ್ಟು ಜಾಗ ಡ್ರೈವ್ ಕೇಜ್ ಕೆಳಗೆ ಇದೆಯಾ ಅದನ್ನೂ ಅಳೆದುಕೊಳ್ಳಿ.

ಆಮೇಲೆ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ಕಾರ್ಡನ್ನ ಓಡಿಸಿ ತೋರಿಸಿ ಅನ್ನಿ. ಚಿಪ್ ಟಿಯು117, ಶೇಡರ್ 896, ಮೆಮೊರಿ ಜಿಡಿಡಿಆರ್6 128 ಬಿಟ್ ಅಂತ ಬರಬೇಕು. 640 ಬಂದರೆ ಅದು ಟಿ600. ಹೆಸರಿನ ಹಿಂದೆ ಫೇಕ್ ಅಂತ ಬಂದರೆ ಹಳೇ ಚಿಪ್‌ನ ಬಯೋಸ್ (ಒಳಗಿನ ಮೂಲ ಸಾಫ್ಟ್‌ವೇರ್) ತಿದ್ದಿದ್ದು, ವಾಪಸ್ ಕೊಟ್ಟುಬಿಡಿ. ಇದೇ ದುಡ್ಡಿಗೆ ಯಾರಾದ್ರೂ ಜಿಟಿಎಕ್ಸ್ 1050 ಟಿಐ ತೋರಿಸಿ, ಅದರಲ್ಲಿ ನೀಲಿ ವಿಜಿಎ ಪೋರ್ಟ್ ಇದ್ದರೆ ಅನುಮಾನ ಪಡಿ. ಆ ತಲೆಮಾರಿನ ಚಿಪ್‌ಗಳಿಂದ ಎನ್‌ವಿಡಿಯಾ ಅನಲಾಗ್ ಔಟ್‌ಪುಟ್ಟನ್ನೇ ತೆಗೆದುಹಾಕಿತ್ತು. ಅಸಲಿ 1050 ಟಿಐ ಆದ್ರೂ ಈಗ ಬೇಡ, 2025ರ ಅಕ್ಟೋಬರ್ ನಂತರ ಅದಕ್ಕೆ ಹೊಸ ಆಟಗಳ ಡ್ರೈವರ್ ಬರಲ್ಲ, ಭದ್ರತೆಯ ಅಪ್‌ಡೇಟ್ ಮಾತ್ರ.

ಆ ಸಣ್ಣ ಪೋರ್ಟ್ ಮಿನಿ ಡಿಸ್‌ಪ್ಲೇಪೋರ್ಟ್. ನಿಮ್ಮ ಮಾನಿಟರ್‌ಗೆ ಮಿನಿ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗೋ ಕೇಬಲ್ ಸಾಕು. ಕೇಬಲ್‌ಗೆ ದಿಕ್ಕು ಇದೆ, ನೆನಪಿಡಿ. ಡಿಸ್‌ಪ್ಲೇಪೋರ್ಟ್ ಕಡೆ ಕಂಪ್ಯೂಟರ್, ಎಚ್‌ಡಿಎಂಐ ಕಡೆ ಮಾನಿಟರ್. ಉಲ್ಟಾ ದಿಕ್ಕಿಗೆ ಮಾಡಿದ ಕೇಬಲ್ ನೋಡೋಕೆ ಹಾಗೇ ಇರುತ್ತೆ, ಚಿತ್ರ ಮಾತ್ರ ಬರಲ್ಲ.

---

ತಾಮ್ರದ_ತಂತಿ

ಹಾಕೋ ಕ್ರಮ ನಾನು ಬರೀತೀನಿ.

ಕಾರ್ಡ್ ಕೈಗೆ ಬರೋ ಮೊದಲೇ ಬಯೋಸ್ ಅಪ್‌ಡೇಟ್ ಮುಗಿಸಿ. ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಡೆಲ್ ಸೈಟಿನಿಂದ ನಿಮ್ಮ ಮಾದರಿಯ ಫೈಲ್ ಹಾಕಿಕೊಂಡು, ಆನ್ ಮಾಡುವಾಗ ಎಫ್12 ಒತ್ತಿದರೆ ಬಯೋಸ್ ಫ್ಲ್ಯಾಶ್ ಅಂತ ಆಯ್ಕೆ ಇರುತ್ತೆ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ, ಇಲ್ಲದಿದ್ರೆ ರಿಕವರಿ ಕೀ ಕೇಳ್ತಾ ಕೂರುತ್ತೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು.

ನಂತರ ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತೆ. ಕೇಸಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿಕೊಂಡು ಕೆಲಸ ಶುರು ಮಾಡಿ. ಸಿಂಥೆಟಿಕ್ ಬಟ್ಟೆ, ಕಾರ್ಪೆಟ್ ಬೇಡ.

ಹಿಂಬದಿಯ ಲ್ಯಾಚ್ ಎತ್ತಿದರೆ ಖಾಲಿ ಪಟ್ಟಿ ಈಚೆ ಬರುತ್ತೆ. ಕಾರ್ಡಿನ ಎರಡೂ ತುದಿ ಹಿಡಿದು, ಬ್ರಾಕೆಟ್ಟಿನ ಕೆಳತುದಿ ಕೇಸಿನ ಸಂದಿಗೆ ಇಳಿದಿದೆಯಾ ನೋಡಿಕೊಂಡು, ಸ್ಲಾಟ್ ಮೇಲೆ ಸಮನಾಗಿ ಒತ್ತಿ. ಚಿನ್ನದ ಬಣ್ಣದ ಪಟ್ಟಿ ಒಂಚೂರೂ ಕಾಣಬಾರದು, ತುದಿಯ ಕ್ಲಿಪ್ ಟಿಕ್ ಅನ್ನಬೇಕು. ಬ್ರಾಕೆಟ್ ಕಡೆ ಚೆನ್ನಾಗಿ ಕೂತು ಇನ್ನೊಂದು ತುದಿ ಕೂದಲೆಳೆಯಷ್ಟು ಎದ್ದಿದ್ದರೂ ಕಾರ್ಡ್ ಕಡಿಮೆ ಲೇನ್‌ನಲ್ಲಿ ಓಡುತ್ತೆ, ಅಥವಾ ಕಾಣೋದೇ ಇಲ್ಲ. ಕ್ಲಿಪ್ ಬಿದ್ದ ಮೇಲೆ ಲ್ಯಾಚ್ ಮುಚ್ಚಿ. ಯಾವ ವೈರೂ ಕಾರ್ಡಿನ ಫ್ಯಾನಿಗೆ ತಾಗದ ಹಾಗೆ ಪಕ್ಕಕ್ಕೆ ಸರಿಸಿ.

ಮಾನಿಟರ್ ಕೇಬಲ್ ಈಗ ಕಾರ್ಡಿಗೆ ಹಾಕಿ, ಬೋರ್ಡಿನ ಪೋರ್ಟಿಗೆ ಅಲ್ಲ. ಮೊದಲ ಸಲ ಆನ್ ಮಾಡಿದಾಗ ಮುಚ್ಚಳ ತೆಗೆದಿತ್ತು ಅಂತ ಎಚ್ಚರಿಕೆ ಬರಬಹುದು, ಗಾಬರಿ ಬೇಡ, ಎಫ್1 ಒತ್ತಿ ಮುಂದೆ ಹೋಗಿ. ಚಿತ್ರವೇ ಬರದಿದ್ದರೆ ಕೇಬಲ್ ವಾಪಸ್ ಬೋರ್ಡಿಗೆ ಹಾಕಿ, ಎಫ್2 ಒತ್ತಿ ಬಯೋಸ್‌ನ ವಿಡಿಯೊ ಭಾಗದಲ್ಲಿ ಪ್ರೈಮರಿ ಡಿಸ್‌ಪ್ಲೇ ಆಟೋದಲ್ಲಿದೆಯಾ ನೋಡಿ. ಚಿತ್ರಕ್ಕೋಸ್ಕರ ಬೂಟ್ ಆಗೋ ಕ್ರಮವನ್ನ ಯುಇಎಫ್‌ಐಯಿಂದ (ಹೊಸದು) ಲೆಗಸಿಗೆ (ಹಳೇದು) ಬದಲಾಯಿಸಿ ಅಂತ ಹಳೇ ವಿಡಿಯೊಗಳಲ್ಲಿ ಹೇಳ್ತಾರೆ. ಟಿ1000ಕ್ಕೆ ಅದು ಬೇಕಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡೋಕೆ ಸೆಕ್ಯೂರ್ ಬೂಟ್, ಟಿಪಿಎಂ 2.0 ಎರಡೂ ಆನ್ ಇರಲೇಬೇಕು. ಲೆಗಸಿಗೆ ಹೋದರೆ ಆಟವೇ ತೆರೆಯಲ್ಲ.

ಡ್ರೈವರ್ ಹುಡುಕುವಾಗ ಜೀಫೋರ್ಸ್ ಅಡಿಯಲ್ಲಿ ಟಿ1000 ಸಿಗಲ್ಲ. ಎನ್‌ವಿಡಿಯಾ ಸೈಟಿನಲ್ಲಿ ಆರ್‌ಟಿಎಕ್ಸ್/ಕ್ವಾಡ್ರೊ ವಿಭಾಗದಲ್ಲಿ ನೋಡಿ.

---

ದಾವಣಗೆರೆ_ಗೇಮರ್

ಕಾರ್ಡ್, ರ‍್ಯಾಮ್ ಎರಡೂ ಕೂತವು. ಆಟ ಚೆನ್ನಾಗಿ ಓಡ್ತಿದೆ. ಎರಡು ಅನುಮಾನ. ಜಿಪಿಯು-ಝಡ್‌ನಲ್ಲಿ ಎಕ್ಸ್16 3.0 ಪಕ್ಕದಲ್ಲಿ ಎಕ್ಸ್16 1.1 ಅಂತ ತೋರಿಸ್ತಿದೆ, ಸ್ಲಾಟ್ ಹಳೇದಾ? ಇನ್ನೊಂದು, ಜಿಟಿಎ 5 ಇಪ್ಪತ್ತು ನಿಮಿಷ ಆಡಿದ ಮೇಲೆ ಫ್ಯಾನ್ ಜೋರಾಗಿ ಕೂಗುತ್ತೆ, ಫ್ರೇಮ್ ಇಳಿಯುತ್ತೆ.

---

ಹಳೇಬೋರ್ಡು

1.1 ಅನ್ನೋದು ಕಾರ್ಡ್ ಸುಮ್ಮನಿದ್ದಾಗ ಕರೆಂಟ್ ಉಳಿಸೋಕೆ ಇಳಿಸಿಕೊಂಡ ವೇಗ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, 3.0ಗೆ ಏರುತ್ತೆ. ಆಗಲೂ ಎಕ್ಸ್16 ಇದ್ದರೆ ಕಾರ್ಡ್ ಸರಿಯಾಗಿ ಕೂತಿದೆ ಅಂತ ಅರ್ಥ.

ಎರಡನೇದಕ್ಕೆ ಅದೇ ಸಾಫ್ಟ್‌ವೇರಿನ ಸೆನ್ಸರ್ ಪುಟದಲ್ಲಿ ಪರ್ಫ್‌ಕ್ಯಾಪ್ ರೀಸನ್ ಅನ್ನೋ ಸಾಲು ನೋಡಿ. ಆಡುವಾಗ ಅಲ್ಲಿ ಪವರ್ ಅಂತ ಬಂದರೆ ಸಹಜ, 50 ವಾಟ್ ಮಿತಿ ಮುಟ್ಟಿದೆ ಅಷ್ಟೇ. ಥರ್ಮಲ್ ಅಂತ ಬಂದರೆ ಬಿಸಿಯಿಂದಲೇ ಕ್ಲಾಕ್ ಇಳೀತಿದೆ.

ದಾವಣಗೆರೆ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ತೆಳ್ಳಗಿನ ಕೂಲರ್ ಒದ್ದಾಡುತ್ತೆ. ಈ ಡಬ್ಬಿ ಗಾಳಿ ಎಳೆಯೋದು ಮುಂದಿನ ಜಾಲರಿಯಿಂದ, ಬಿಡೋದು ಹಿಂದಕ್ಕೆ. ಮುಂದಿನ ಮುಖ ಕಳಚಿ ನೋಡಿ, ಆಫೀಸ್ ಮಷಿನ್‌ಗಳಲ್ಲಿ ಅಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತೆ. ಪ್ರೊಸೆಸರ್ ಹೀಟ್‌ಸಿಂಕಿನ ರೆಕ್ಕೆಗಳ ಮಧ್ಯೆಯೂ ಬ್ಲೋವರ್ ಹೊಡೆಯಿರಿ. ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಿ, ಜೋರಾಗಿ ತಿರುಗಿದರೆ ಬೇರಿಂಗ್ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದ್ದರಿಂದ ಥರ್ಮಲ್ ಪೇಸ್ಟ್ ಒಣಗಿರಬಹುದು. ಕೂಲರಿನ ಸ್ಕ್ರೂಗಳನ್ನ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಫ್ಯಾನ್ ವೈರ್ ಬಿಡಿಸಿ ಎತ್ತಿ, ಹಳೇ ಪೇಸ್ಟನ್ನ ಐಸೊಪ್ರೊಪೈಲ್‌ನಲ್ಲಿ ಒರೆಸಿ, ಕಡಲೆ ಬೇಳೆಯಷ್ಟು ಹೊಸದು ಹಾಕಿ. ಮೆಮೊರಿ ಮೇಲಿನ ಪ್ಯಾಡ್ ಹರಿಯದ ಹಾಗೆ ನೋಡಿಕೊಳ್ಳಿ.

ಡಬ್ಬಿಯನ್ನ ಟೇಬಲ್ಲಿನ ಮುಚ್ಚಿದ ಖಾನೆಯೊಳಗೆ ಇಟ್ಟಿದ್ದರೆ ಮೊದಲು ಅಲ್ಲಿಂದ ಹೊರಗೆ ತೆಗೆಯಿರಿ, ಹಿಂದೆ ಗೋಡೆಗೆ ಒಂದು ಗೇಣು ಬಿಡಿ.

ಇಷ್ಟರ ಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿಟಿಎ 5ಕ್ಕೆ ಮಾತ್ರ ಮ್ಯಾಕ್ಸ್ ಫ್ರೇಮ್ ರೇಟ್ 60ಕ್ಕೆ ಕಟ್ಟಿ. ಮಾನಿಟರ್ 60 ಹರ್ಟ್ಸ್ ಆಗಿದ್ದರೆ ಅದಕ್ಕಿಂತ ಮೇಲಿನ ಫ್ರೇಮ್ ಹೇಗೂ ಪೂರ್ತಿ ಕಾಣಲ್ಲ, ಕಾರ್ಡ್ ಮಾತ್ರ ಸುಮ್ಮನೆ ಬಿಸಿಯಾಗುತ್ತೆ. ಆಟದೊಳಗೆ ಚಿತ್ರದ ಅಂಚು ನಯ ಮಾಡೋ ಸೆಟ್ಟಿಂಗ್‌ನಲ್ಲಿ ಭಾರದ ಎಂಎಸ್‌ಎಎ ತೆಗೆದು ಹಗುರದ ಎಫ್‌ಎಕ್ಸ್‌ಎಎ ಇಡಿ, ಗ್ರಾಸ್ ಕ್ವಾಲಿಟಿ ಹೈಗಿಂತ ಮೇಲೆ ಬೇಡ. ಹಳ್ಳಿ ಕಡೆಯ ಮಿಷನ್‌ಗಳಲ್ಲಿ ಕಾರ್ಡನ್ನ ಹೆಚ್ಚು ದುಡಿಸೋದು ಆ ಹುಲ್ಲೇ.

---

ದಾವಣಗೆರೆ_ಗೇಮರ್

ಸಾಲಿನಲ್ಲಿ ಥರ್ಮಲ್ ಅಂತಲೇ ಬರ್ತಿತ್ತು. ಮುಂದಿನ ಜಾಲರಿ ಪೂರ್ತಿ ಕಟ್ಟಿಕೊಂಡಿತ್ತು. ಅದನ್ನ ಬಿಡಿಸಿ 60ಕ್ಕೆ ಕಟ್ಟಿದ ಮೇಲೆ ಒಂದು ಗಂಟೆ ಆಡಿದರೂ ಫ್ರೇಮ್ ಇಳಿದಿಲ್ಲ, ಈಗ ಪವರ್ ಅಂತಲೂ ಅಪರೂಪಕ್ಕೆ ಬರುತ್ತೆ. ಪೇಸ್ಟ್ ಸದ್ಯಕ್ಕೆ ಮುಟ್ಟಿಲ್ಲ.